ಚಕ್ರಿಗೆ ದಾರಿ, ಕುಟುಂಬಕ್ಕೆ ಜೊತೆ

ಯಾತ್ರೆಯು ಕುಟುಂಬಕ್ಕೆ ಒರೆಗಲ್ಲು. ಮನೆಯೊಳಗೆ ಮರೆಯಾಗಿರುವ ಗುಣದೋಷಗಳೆಲ್ಲವೂ ಬಂಡಿಯ ಬಾಗಿಲಲ್ಲಿ ಹೊರಬೀಳುತ್ತವೆ. ಯಾರು ಮೊದಲು ಹತ್ತಬೇಕು, ಗಂಟನ್ನು ಯಾರು ಹೊರಬೇಕು, ಮುದುಕರ ಕೈಯನ್ನು ಯಾರು ಹಿಡಿಯಬೇಕು ಎಂಬ ಪ್ರಶ್ನೆಗಳು ಸಣ್ಣವಾಗಿ ಕಂಡರೂ ಅವುಗಳಿಗೆ ಮನೆಯವರು ಕೊಡುವ ಉತ್ತರದಲ್ಲಿ ಆ ಮನೆಯ ಧರ್ಮವು ಅಡಗಿರುತ್ತದೆ. ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿರುವುದು ಅಂತಹ ಪ್ರಶ್ನೆಗಳಲ್ಲೊಂದು. ಅದು ಏಳುವ ಸ್ಥಳವು ನಮ್ಮ ನಾಡಿಗೆ ಬಹುದೂರದ್ದೆಂಬುದು ನಿಜವೇ. ಆದರೆ ಇಂದು ನಮ್ಮವರ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳು ಕೆಲವು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುತ್ತಾರೆ. ಮೊಮ್ಮಕ್ಕಳ ಒತ್ತಾಯಕ್ಕೆ ಸಿಕ್ಕಿ ಫ್ಲಾರಿಡಾ ಪ್ರಾಂತದ ವಿನೋದವನಗಳನ್ನು ನೋಡಲು ಹೊರಡುತ್ತಾರೆ. ಮೊಣಕಾಲು ಬಲಹೀನವಾದ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕುಳ್ಳಿರಿಸಿಕೊಂಡು ಬಸ್ಸಿನ ನಿಲ್ದಾಣಕ್ಕೆ ಬಂದಾಗ, ಅವರನ್ನು ಮೊದಲು ಹತ್ತಿಸುವುದು ನ್ಯಾಯವೇ, ಹತ್ತಿಸಿದರೆ ಅವರ ಜೊತೆಗೆ ಎಷ್ಟು ಮಂದಿ ಹತ್ತಬಹುದು ಎಂಬ ವಿಚಾರವು ಎದುರಾಗುತ್ತದೆ.

ಮೊದಲು ಸ್ಥಳದ ಪರಿಚಯವನ್ನು ಮಾಡಿಕೊಳ್ಳೋಣ. ಆರ್ಲೆಂಡೋ ಪಟ್ಟಣದ ಸಮೀಪದಲ್ಲಿ 1971ನೆಯ ಇಸವಿ ಅಕ್ಟೋಬರ್ 1ರಂದು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬುದನ್ನು ತೋಟವೆನ್ನುವುದಕ್ಕಿಂತ ಒಂದು ಸೀಮೆಯೆನ್ನುವುದೇ ಸರಿ. ಅದರ ವಿಸ್ತಾರವು ಸುಮಾರು 25,000 ಎಕರೆ. ಮೊದಲ ವರ್ಷವೇ ತೆರೆದ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್‌ಕಾಟ್, ಈಗ ಹಾಲಿವುಡ್ ಸ್ಟುಡಿಯೋಸ್ ಎಂಬ ಹೆಸರಿನಿಂದಿರುವ 1989ರ ವನ, 1998ರ ಅನಿಮಲ್ ಕಿಂಗ್‌ಡಮ್ ಎಂದು ನಾಲ್ಕು ದೊಡ್ಡ ವನಗಳು ಅದರಲ್ಲಿ ದೂರದೂರವಾಗಿ ಹರಡಿವೆ. ಇವುಗಳ ನಡುವೆ ಅನೇಕ ವಸತಿಗೃಹಗಳುಂಟು. ಒಂದರಿಂದ ಮತ್ತೊಂದಕ್ಕೆ ಜನರನ್ನು ಸಾಗಿಸುವುದಕ್ಕಾಗಿ ಬಸ್ಸುಗಳು, ಒಂಟಿ ತೊಲೆಯ ಮೇಲೆ ಓಡುವ ಮೊನೊರೈಲು, ದೋಣಿಗಳು ಇವೆಲ್ಲವೂ ಏರ್ಪಟ್ಟಿವೆ. 2019ನೆಯ ಸೆಪ್ಟೆಂಬರ್ 29ರಿಂದ ಸ್ಕೈಲೈನರ್ ಎಂಬ ತಂತಿಯ ತೊಟ್ಟಿಲುಗಳೂ ಓಡಾಡುತ್ತಿವೆ. ಇವುಗಳಲ್ಲಿ ಪ್ರಯಾಣಕ್ಕೆ ಪ್ರತ್ಯೇಕವಾದ ಟಿಕೆಟ್ಟಿಲ್ಲ. ಅಲ್ಲಿ ಒಂದು ದಿನದ ಸುತ್ತಾಟವೆಂದರೆ ಹಲವು ಮೈಲಿಗಳ ನಡಿಗೆ. ಊರಿನಲ್ಲಿ ದೇವಸ್ಥಾನಕ್ಕೆ ಹೋಗಿ ಬರುವಷ್ಟು ಕಾಲಿನ ಕಸುವಿರುವ ಮುದುಕರೂ ಅಲ್ಲಿ ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಗುತ್ತದೆಂದರೆ ಆಶ್ಚರ್ಯವಿಲ್ಲ.

ಇನ್ನು ಗಾಲಿಕುರ್ಚಿಯು ಬಸ್ಸನ್ನು ಹತ್ತುವ ಕ್ರಮವನ್ನು ತಿಳಿಯತಕ್ಕದ್ದು. ಏಕೆಂದರೆ ಜಗಳವೆಲ್ಲವೂ ಹುಟ್ಟುವುದು ಈ ಕ್ರಮವನ್ನು ಅರಿಯದವರಲ್ಲಿ. ಬಸ್ಸು ಬಂದು ನಿಂತೊಡನೆ ಚಾಲಕನು ಇಳಿಜಾರು ಹಲಗೆಯನ್ನು ಚಾಚುತ್ತಾನೆ. ಒಳಗೆ ಗೊತ್ತಾದ ಎಡೆಯಲ್ಲಿರುವ ಮಡಿಚುವ ಆಸನಗಳನ್ನು ಮೇಲಕ್ಕೆತ್ತುತ್ತಾನೆ. ಕುರ್ಚಿಯನ್ನು ಒಳಕ್ಕೆ ತಂದು, ತಿರುಗಿಸಿ, ಎಡೆಯಲ್ಲಿ ನಿಲ್ಲಿಸಿ, ನೆಲದ ಕೊಂಡಿಗಳಿಗೆ ಪಟ್ಟಿಗಳಿಂದ ಬಿಗಿಯುತ್ತಾನೆ. ಬಿಗಿಯದೆ ಬಿಟ್ಟರೆ ಬಸ್ಸು ಥಟ್ಟನೆ ನಿಂತಾಗ ಕುರ್ಚಿಯು ಜಾರಿ, ಕುಳಿತವರಿಗೂ ಸುತ್ತಲಿನವರಿಗೂ ಅಪಾಯವಾಗುವುದು. ವಿದ್ಯುತ್ತಿನಿಂದ ಓಡುವ ಭಾರವಾದ ಬಂಡಿಯಾದರೆ ಕೇಳಬೇಕಾದುದೇ ಇಲ್ಲ. ಇಷ್ಟೆಲ್ಲ ಕೆಲಸವು ಖಾಲಿಯಿರುವ ಬಸ್ಸಿನಲ್ಲಿಯೇ ಸಾವಕಾಶವಾಗಿ ನಡೆಯುವಂಥದು. ಎಲ್ಲರೂ ಹತ್ತಿ ನಿಂತು ತುಂಬಿಕೊಂಡ ಮೇಲೆ ಕುರ್ಚಿಯನ್ನು ತಿರುಗಿಸುವುದಕ್ಕೆ ಎಡೆಯೆಲ್ಲಿ? ಆದುದರಿಂದ ಗಾಲಿಕುರ್ಚಿಯವರನ್ನು ಮೊದಲು ಹತ್ತಿಸುವುದನ್ನು ಮರ್ಯಾದೆಗಾಗಿ ಕೊಟ್ಟ ಅಗ್ರತಾಂಬೂಲವೆಂದು ಭಾವಿಸಬಾರದು. ಅವರು ಹತ್ತಬೇಕಾದರೆ ಬೇರೆ ಮಾರ್ಗವೇ ಇಲ್ಲ.

ಈ ಎಡೆಗಳೂ ಲೆಕ್ಕದವು. 1990ನೆಯ ಇಸವಿ ಜುಲೈ 26ರಂದು ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ ಶಾಸನವು ಅಧ್ಯಕ್ಷರ ಅಂಕಿತವನ್ನು ಪಡೆಯಿತು. ಆ ಶಾಸನದ ಆಧಾರದ ಮೇಲೆ ರಚಿತವಾದ ನಿಯಮಗಳ ಪ್ರಕಾರ 22 ಅಡಿಗಿಂತ ಉದ್ದವಾದ ಬಸ್ಸಿನಲ್ಲಿ ಗಾಲಿಕುರ್ಚಿಗೆ ಕನಿಷ್ಠಪಕ್ಷ ಎರಡು ಎಡೆಗಳಿರಬೇಕು. ಒಂದೊಂದೂ 30 ಅಂಗುಲ ಅಗಲ, 48 ಅಂಗುಲ ಉದ್ದವಿರಬೇಕು. ಎತ್ತುವ ಯಂತ್ರವಿದ್ದಲ್ಲಿ ಅದು 600 ಪೌಂಡುಗಳ ಭಾರವನ್ನು ತಾಳಬೇಕು. ಎರಡೇ ಎಡೆಗಳಿರುವ ಬಸ್ಸಿಗೆ ಮೂರು ಗಾಲಿಕುರ್ಚಿಗಳು ಬಂದರೆ ಏನಾಗುತ್ತದೆ? ಮೂರನೆಯವರು ಅಲ್ಲಿಯೇ ಉಳಿಯಬೇಕು. ಅವರಿಗಿಂತ ತಡವಾಗಿ ಬಂದ ಕಾಲುಳ್ಳವರು ಹತ್ತಿಕೊಂಡು ಹೊರಟುಹೋಗುತ್ತಾರೆ. ಇವರು ಮುಂದಿನ ಬಸ್ಸಿಗಾಗಿ ಕಾಯುತ್ತಾರೆ. ಹಿಂದಿನ ನಿಲ್ದಾಣದಲ್ಲಿಯೇ ಎಡೆಗಳು ತುಂಬಿಹೋಗಿದ್ದರಂತೂ ಆ ಬಸ್ಸು ಅವರ ಪಾಲಿಗೆ ಬಾರದಿದ್ದಂತೆಯೇ ಸರಿ. ಬಾಗಿಲಲ್ಲಿ ಅವರು ಮೊದಲಿಗರಾಗುವುದನ್ನು ಸಾಲಿನವರೆಲ್ಲರೂ ನೋಡುತ್ತಾರೆ. ನಿಲ್ದಾಣದಲ್ಲಿ ಅವರು ಕೊನೆಯವರಾಗುವುದನ್ನು ನೋಡುವುದಕ್ಕೆ ಯಾರೂ ಉಳಿದಿರುವುದಿಲ್ಲ.

ಹಾಗೆಂದು ಸಾಲಿನಲ್ಲಿ ನಿಂತವರ ಸಂಕಟವನ್ನು ಅಲ್ಲಗಳೆಯಲಾಗದು. ರಾತ್ರಿ ಬಾಣಬಿರುಸಿನ ಆಟವು ಮುಗಿದಿದೆ; ಸಾವಿರಾರು ಜನರು ಒಮ್ಮೆಗೇ ಹೊರಬಿದ್ದಿದ್ದಾರೆ. ಒಬ್ಬ ತಾಯಿಯು ಬೆಳಗಿನಿಂದ ಬಿಸಿಲಿನಲ್ಲಿ ಅಲೆದು, ನಿದ್ದೆಹೋದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಹುಕಾಲದಿಂದ ನಿಂತಿದ್ದಾಳೆ. ಬಸ್ಸಿನಲ್ಲಿ ಮಕ್ಕಳ ತಳ್ಳುಗಾಡಿಯನ್ನು ಮಡಿಚಿಯೇ ತರಬೇಕೆಂಬ ನಿಯಮವಿರುವುದರಿಂದ ಇನ್ನೊಂದು ಕೈಯಲ್ಲಿ ಮಡಿಚಿದ ಗಾಡಿಯೂ ಇದೆ. ಅಷ್ಟರಲ್ಲಿ ಒಂದು ಗಾಲಿಕುರ್ಚಿಯೂ ಅದರ ಹಿಂದೆ ಹನ್ನೆರಡು ಮಂದಿ ಗಟ್ಟಿಮುಟ್ಟಾದ ಬಂಧುಗಳೂ ಬಂದು ಆಸನಗಳಲ್ಲಿ ಕುಳಿತುಬಿಟ್ಟರೆ ಅವಳ ಹೊಟ್ಟೆಯು ಉರಿಯದೆ ಇರುವುದೆ?

ನಮ್ಮ ಹಿರಿಯರಲ್ಲಿ ಪಂಕ್ತಿಭೇದವೆಂಬ ಮಾತುಂಟು. ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತವರಲ್ಲಿ ಒಬ್ಬರಿಗೊಂದು ಇನ್ನೊಬ್ಬರಿಗೊಂದು ಬಡಿಸುವುದು ದೊಡ್ಡ ದೋಷವೆಂದು ಅವರು ಎಣಿಸಿದ್ದರು. ಆದರೆ ಪಂಕ್ತಿಯಲ್ಲಿ ಕುಳಿತ ರೋಗಿಗೆ ಮುಂಚಿತವಾಗಿ ಗಂಜಿಯನ್ನು ಬಡಿಸಿದರೆ ಅದನ್ನು ಯಾರೂ ಪಂಕ್ತಿಭೇದವೆನ್ನುವುದಿಲ್ಲ. ರೋಗಿಯ ಹೆಸರನ್ನು ಹೇಳಿಕೊಂಡು ಗಟ್ಟಿಗರು ಹತ್ತು ಮಂದಿ ಮುಂದಿನ ಎಲೆಗಳಿಗೆ ನುಗ್ಗಿದರೆ ಎಲ್ಲರೂ ಪಂಕ್ತಿಭೇದವೆಂದೇ ಅನ್ನುವರು. ಈ ಎರಡರ ನಡುವಣ ಗೆರೆಯೇ ನಮ್ಮ ಪ್ರಶ್ನೆಯ ತಿರುಳು.

ಹಾಗಾದರೆ ಗಾಲಿಕುರ್ಚಿಯವರನ್ನು ಮಾತ್ರ ಹತ್ತಿಸಿ ಉಳಿದವರೆಲ್ಲರೂ ಸಾಲಿನಲ್ಲಿ ನಿಲ್ಲಲಿ ಎಂದರೆ ಆಗದೆ? ಆಗದು. ಬಸ್ಸು ತುಂಬಿ, ಮನೆಯವರು ಹಿಂದೆ ಉಳಿದರೆಂದು ಭಾವಿಸಿರಿ. ನೆಲಕ್ಕೆ ಬಿಗಿದ ಕುರ್ಚಿಯಲ್ಲಿ, ಭಾಷೆಯರಿಯದ ಜನರ ನಡುವೆ, ಕತ್ತಲೆಯಲ್ಲಿ ಗೊತ್ತಿಲ್ಲದ ವಸತಿಗೃಹದ ಕಡೆಗೆ ಎಪ್ಪತ್ತೈದು ವರ್ಷದ ಮುದುಕಿಯೊಬ್ಬಳೇ ಹೊರಟಳೆಂದರೆ ಅವಳ ಎದೆಯು ಹೇಗಿರಬೇಡ? ಇಳಿಯುವಾಗ ಕುರ್ಚಿಯನ್ನು ತಳ್ಳುವವರಾರು? ಮಧ್ಯದಲ್ಲಿ ಔಷಧಿ ಬೇಕಾದರೆ ಚೀಲವಿರುವುದು ಯಾರ ಬಳಿಯಲ್ಲಿ? ಕುರ್ಚಿಯಲ್ಲಿರುವುದು ತಾಯಿಯೇ ಆಗಿದ್ದು, ಹೊರಗೆ ಉಳಿದದ್ದು ಅವಳ ನಾಲ್ಕು ವರ್ಷದ ಮಗುವಾಗಿದ್ದರಂತೂ ಕೇಳುವುದೇ ಬೇಡ. ಕಾಲಿಲ್ಲದವರಿಗೆ ಗಾಲಿಯನ್ನು ಕೊಟ್ಟು ಕೈಯಾಗಿದ್ದವರನ್ನು ಕಿತ್ತುಕೊಂಡರೆ ಉಪಕಾರವಾದೀತೆ? ಆದುದರಿಂದ ಗಾಲಿಕುರ್ಚಿಯವರ ಜೊತೆಗೆ ಅವರ ಮನೆಯವರು ಹತ್ತುವುದು ನ್ಯಾಯವೇ ಸರಿ. ವಿಚಾರಿಸಬೇಕಾದದ್ದು ಎಷ್ಟು ಮಂದಿ ಎಂಬುದನ್ನು ಮಾತ್ರ.

ಇದಕ್ಕೆ ಒಂದು ಅಳತೆಗೋಲು ಅಮೆರಿಕದ ನಿಯಮಗಳಲ್ಲಿಯೇ ದೊರೆಯುತ್ತದೆ. ಸಾಮಾನ್ಯ ಬಸ್ಸನ್ನು ಹತ್ತಲಾರದವರಿಗಾಗಿ ಅಲ್ಲಿಯ ನಗರಗಳಲ್ಲಿ ಮನೆಯ ಬಳಿಗೇ ಬರುವ ಬೇರೊಂದು ವಾಹನದ ಏರ್ಪಾಡುಂಟು. ಅದರ ನಿಯಮವು ಹೀಗಿದೆ: ಪ್ರಯಾಣಿಕನ ಶುಶ್ರೂಷೆಗೆ ಬೇಕಾದ ಸಹಾಯಕನು ಬರಬಹುದು, ಅವನಲ್ಲದೆ ಜೊತೆಗಾರನೊಬ್ಬನಿಗೂ ಅವಶ್ಯವಾಗಿ ಸ್ಥಳವನ್ನು ಕೊಡಬೇಕು, ಇನ್ನೂ ಹೆಚ್ಚು ಮಂದಿ ಬರಬೇಕಾದರೆ, ಸ್ಥಳವಿದ್ದಲ್ಲಿ, ಬೇರೆ ಅರ್ಹರಿಗೆ ತೊಂದರೆಯಾಗದಂತೆ ಬರಬಹುದು. ವಿನೋದವನದ ಬಸ್ಸಿಗೆಂದು ಮಾಡಿದ ನಿಯಮವು ಇದಲ್ಲವಾದರೂ ಇದರಲ್ಲಿರುವ ವಿವೇಕವು ಎಲ್ಲೆಡೆಗೂ ಸಲ್ಲುತ್ತದೆ. ಕುರ್ಚಿಯವರಿಗೆ ಯಾರಿಲ್ಲದಿದ್ದರೆ ಆಗದೋ ಅವರು ಹಕ್ಕಿನಿಂದ ಹತ್ತಲಿ; ಯಾರಿದ್ದರೆ ಸಂತೋಷವೋ ಅವರು ಸ್ಥಳವಿದ್ದಂತೆ ಹತ್ತಲಿ. ತಂದೆ, ತಾಯಿ, ಅಜ್ಜಿ, ಇಬ್ಬರು ಮಕ್ಕಳು ಎಂಬ ಸಣ್ಣ ಸಂಸಾರವನ್ನು ಒಡೆಯಲು ಯಾರೂ ಬಯಸರು. ಮೂರು ಮನೆಗಳವರು ಒಟ್ಟಾಗಿ ಹೊರಟಿರುವ ದೊಡ್ಡ ಗುಂಪಾದರೆ ಅವರು ತಾವಾಗಿಯೇ ಎರಡು ಪಾಲಾಗುವುದು ಶೋಭೆ. ಒಬ್ಬರೇ ಉಳಿಯಬೇಕಾದವರೂ ಎಳೆಯ ಮಕ್ಕಳೂ ಎರಡನೆಯ ಪಾಲಿಗೆ ಬೀಳದಂತೆ ನೋಡಿಕೊಂಡರಾಯಿತು.

ಇಲ್ಲಿ ನಮ್ಮ ಧರ್ಮಶಾಸ್ತ್ರದ ಒಂದು ಮಾತನ್ನು ಜ್ಞಾಪಿಸಿಕೊಳ್ಳುವುದು ಉಚಿತವಾಗಿದೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ, ಯಾರು ಯಾರಿಗೆ ದಾರಿಯನ್ನು ಬಿಟ್ಟುಕೊಡಬೇಕೆಂಬ ಪಟ್ಟಿಯೊಂದುಂಟು. ಅದರಲ್ಲಿ ತೊಂಬತ್ತು ದಾಟಿದ ವೃದ್ಧನಿದ್ದಾನೆ, ರೋಗಿಯಿದ್ದಾನೆ, ಹೊರೆ ಹೊತ್ತವನಿದ್ದಾನೆ, ಹೆಂಗಸಿದ್ದಾಳೆ. ಆಮೇಲೆ ಸ್ನಾತಕನೂ ರಾಜನೂ ಮದುವಣಿಗನೂ ಇದ್ದಾರೆ. ಆದರೆ ಆ ಪಟ್ಟಿಯ ಮೊದಲನೆಯ ಹೆಸರು ‘ಚಕ್ರಿ’ ಎಂಬುದು. ಚಕ್ರವುಳ್ಳವನು ಚಕ್ರಿ, ಬಂಡಿಯಲ್ಲಿ ಹೋಗುವವನು ಎಂಬುದು ಅಲ್ಲಿಯ ಅರ್ಥ. ಆ ಕಾಲದಲ್ಲಿ ಈಗಿನ ಗಾಲಿಕುರ್ಚಿಯಿರಲಿಲ್ಲ; ಇಂದಿನ ಮಡಿಚುವ ಕುರ್ಚಿಯೇ 1930ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದದ್ದು. ಆದರೂ ಚಕ್ರಿಗೆ ದಾರಿಯನ್ನು ಬಿಡಬೇಕೆಂಬುದಕ್ಕೆ ಆಧಾರವೇನೆಂದು ಯೋಚಿಸಿದರೆ, ಬಂಡಿಯು ಸುಲಭವಾಗಿ ಪಕ್ಕಕ್ಕೆ ಸರಿಯಲಾರದು, ಕಾಲ್ನಡಿಗೆಯವನು ಸರಿಯಬಲ್ಲನು ಎಂಬುದೇ ತೋರುತ್ತದೆ. ಸರಿಯಬಲ್ಲವನು ಸರಿಯಲಾರದವನಿಗೆ ಎಡೆಗೊಡಬೇಕು. ಪಟ್ಟಿಯ ಪೂರ್ವಾರ್ಧವೆಲ್ಲವೂ ಈ ಒಂದು ಸೂತ್ರಕ್ಕೆ ಭಾಷ್ಯದಂತಿದೆ.

ಆದರೆ ಬಿಟ್ಟುಕೊಡುವವರ ಒಳ್ಳೆಯತನವೊಂದನ್ನೇ ನಂಬಿ ಕುಳಿತಿದ್ದರೆ ಗಾಲಿಕುರ್ಚಿಯವರು ಇಂದಿಗೂ ಬೀದಿಯಲ್ಲಿಯೇ ಇರುತ್ತಿದ್ದರು. 1978ನೆಯ ಜುಲೈ 5ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಹತ್ತೊಂಬತ್ತು ಮಂದಿ ಅಂಗವಿಕಲರು, ತಾವು ಹತ್ತಲಾಗದ ಬಸ್ಸುಗಳು ಊರಿನಲ್ಲಿ ಓಡುತ್ತಿರುವುದನ್ನು ಪ್ರತಿಭಟಿಸಿ, ನಡುಬೀದಿಯಲ್ಲಿ ಬಸ್ಸುಗಳನ್ನು ಸುತ್ತುವರಿದು ಮರುದಿನದವರೆಗೆ ಕದಲದೆ ಕುಳಿತರು. ಅಂತಹ ಚಳವಳಿಗಳು ವರ್ಷಗಟ್ಟಲೆ ನಡೆದ ಮೇಲೆ ಹನ್ನೆರಡು ವರ್ಷಗಳಿಗೆ ಮೇಲೆ ಹೇಳಿದ 1990ರ ಶಾಸನವು ಬಂದಿತು. ವಿನೋದವನದ ಬಸ್ಸಿನಲ್ಲಿ ಇಂದು ಚಾಚುವ ಆ ಹಲಗೆಯ ಹಿಂದೆ ಇಷ್ಟು ಕಥೆಯುಂಟು.

ಶಾಸನವಿದ್ದರೂ ಸಂದೇಹಗಳು ಉಳಿಯುತ್ತವೆಂಬುದಕ್ಕೆ ಇಂಗ್ಲೆಂಡಿನ ಒಂದು ವ್ಯಾಜ್ಯವು ದೃಷ್ಟಾಂತವಾಗಿದೆ. 2012ನೆಯ ಫೆಬ್ರವರಿ ತಿಂಗಳಲ್ಲಿ ಡಗ್ ಪಾಲಿ ಎಂಬ ಗಾಲಿಕುರ್ಚಿಯ ಗೃಹಸ್ಥರು, ತಂದೆತಾಯಿಗಳೊಡನೆ ಊಟಕ್ಕೆ ಸೇರಬೇಕೆಂದು ಹೊರಟು, ವೆದರ್‌ಬಿ ಎಂಬಲ್ಲಿ ಲೀಡ್ಸಿಗೆ ಹೋಗುವ ಬಸ್ಸನ್ನು ಹತ್ತಲು ಬಂದರು. ಗಾಲಿಕುರ್ಚಿಯ ಎಡೆಯಲ್ಲಿ ಒಬ್ಬ ತಾಯಿಯು ನಿದ್ದೆಹೋದ ಮಗುವಿನ ತಳ್ಳುಗಾಡಿಯನ್ನು ನಿಲ್ಲಿಸಿಕೊಂಡಿದ್ದಳು. ಸ್ವಲ್ಪ ಸರಿಯಿರೆಂದು ಚಾಲಕನು ಕೇಳಿದನು. ಗಾಡಿಯು ಮಡಿಚುವುದಿಲ್ಲವೆಂದು ಆಕೆ ಹೇಳಿದಳು. ಚಾಲಕನು ಅಷ್ಟಕ್ಕೇ ಸುಮ್ಮನಾದನು. ಪಾಲಿಯವರಿಗೆ ಆ ಬಸ್ಸು ತಪ್ಪಿತು, ಅದರಿಂದ ಮುಂದಿನ ರೈಲೂ ತಪ್ಪಿತು. ವ್ಯಾಜ್ಯವು ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2017ನೆಯ ಜನವರಿ 18ರಂದು ತೀರ್ಪಾಯಿತು. ಬಾಯಿಮಾತಿಗೆ ಒಮ್ಮೆ ಕೇಳಿ ಬಿಟ್ಟುಬಿಡುವುದು ಸಾಲದು. ನಿರಾಕರಣೆಯು ಯುಕ್ತವಲ್ಲವೆಂದು ತೋರಿದರೆ ಚಾಲಕನು ಇನ್ನೂ ಒತ್ತಿ ಹೇಳಬೇಕು, ಬೇಕಾದರೆ ಬಸ್ಸನ್ನು ಕೆಲವು ನಿಮಿಷ ನಿಲ್ಲಿಸುವ ವಿಚಾರವನ್ನೂ ಮಾಡಬೇಕು ಎಂಬುದು ಅದರ ತಾತ್ಪರ್ಯ. ಆದರೆ ಕುಳಿತವರನ್ನು ಬಲಾತ್ಕಾರವಾಗಿ ಎಬ್ಬಿಸಬೇಕೆಂದು ನ್ಯಾಯಾಲಯವು ಹೇಳಲಿಲ್ಲ. ಅಮೆರಿಕದ ನಿಯಮವೂ ಹೀಗೆಯೇ: ಮೀಸಲು ಸ್ಥಾನದಲ್ಲಿ ಕುಳಿತವರನ್ನು ಸರಿಯಿರೆಂದು ಚಾಲಕನು ಕೇಳಲೇಬೇಕು, ಬಲವಂತದಿಂದ ಎಬ್ಬಿಸುವ ಭಾರವನ್ನು ಮಾತ್ರ ಅವನ ಮೇಲೆ ಹೊರಿಸಿಲ್ಲ. ಎರಡು ದೇಶಗಳ ಕಾನೂನುಗಳೂ ಸಭ್ಯತೆಯ ಹೊಸ್ತಿಲವರೆಗೆ ಬಂದು ನಿಂತಿವೆ. ಒಳಗಿನ ಕೆಲಸವು ಪ್ರಯಾಣಿಕನ ಮನಸ್ಸಿಗೆ ಸೇರಿದ್ದು.

ಮನಸ್ಸಿನ ಮೇಲೆಯೇ ಭಾರವನ್ನೆಲ್ಲ ಹೊರಿಸದೆ, ಯಂತ್ರಗಳನ್ನು ವಿವೇಕದಿಂದ ರಚಿಸುವುದೂ ಒಂದು ಉಪಾಯ. ಮೊನೊರೈಲಿನ ವೇದಿಕೆಗೂ ಗಾಡಿಗೂ ನಡುವಣ ಬಿರುಕಿಗೆ ಸಿಬ್ಬಂದಿಯವರು ಒಂದು ಹಲಗೆಯನ್ನು ಇಟ್ಟರೆ ಸಾಕು, ಕುರ್ಚಿಯು ನೇರವಾಗಿ ಒಳಗೆ ಹೋಗುವುದು. ಮ್ಯಾಜಿಕ್ ಕಿಂಗ್‌ಡಮ್ಮಿಗೆ ಸರೋವರವನ್ನು ದಾಟಿಸುವ ದೊಡ್ಡ ಹಡಗಿನಲ್ಲಿ ಎಲ್ಲರೂ ಒಂದೇ ಮಟ್ಟದ ನೆಲದ ಮೇಲೆ ನಡೆದು ಹೋಗುವರು. ಕುರ್ಚಿಯೂ ಅವರೊಡನೆ ಉರುಳಿಕೊಂಡು ಹೋಗುವುದು. ಮಕ್ಕಳ ಗಾಡಿಯನ್ನು ಮಡಿಚಬೇಕಾದುದಿಲ್ಲ. ಸ್ಕೈಲೈನರಿನ ತೊಟ್ಟಿಲು ಹತ್ತು ಮಂದಿಗೆ ಸಾಕಾಗುವಷ್ಟು ದೊಡ್ಡದು. ಸಾಮಾನ್ಯವಾಗಿ ಆ ತೊಟ್ಟಿಲುಗಳು ನಿಲ್ದಾಣದಲ್ಲಿ ಮೆಲ್ಲನೆ ಚಲಿಸುತ್ತಲೇ ಇರುತ್ತವೆ. ಗಾಲಿಕುರ್ಚಿಯವರಿಗಾಗಿ ಒಂದು ತೊಟ್ಟಿಲನ್ನು ಪಕ್ಕದ ದಾರಿಗೆ ತಿರುಗಿಸಿ ಪೂರ್ತಿ ನಿಲ್ಲಿಸುವ ಏರ್ಪಾಡನ್ನು ಮಾಡಿದ್ದಾರೆ. ಅವರು ಸಾವಕಾಶವಾಗಿ ಹತ್ತುವಾಗ ಉಳಿದವರ ಸಾಲು ನಿಲ್ಲುವುದಿಲ್ಲ. ಸಂಸಾರವು ಒಂದೇ ತೊಟ್ಟಿಲಿನಲ್ಲಿ ಎದುರುಬದುರಾಗಿ ಕುಳಿತು ಹೋಗುತ್ತದೆ. ಬಸ್ಸಿನ ಬಾಗಿಲಲ್ಲಿ ಹುಟ್ಟುವ ಜಗಳವು ಇಲ್ಲಿ ಹುಟ್ಟುವುದಕ್ಕೇ ಎಡೆಯಿಲ್ಲ. ಜನರು ಎರಡು ಕಡೆಗಳಲ್ಲಿಯೂ ಅವರೇ ಅಲ್ಲವೆ? ನಮ್ಮಲ್ಲಿಯೂ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಬಸ್ಸು ರೈಲು ನಿಲ್ದಾಣಗಳು ಇಂತಹವರಿಗೆ ಸುಗಮವಾಗಿರಬೇಕೆಂದು ವಿಧಿಸಿದೆ. ಅದನ್ನು ಕಾರ್ಯಕ್ಕೆ ತರುವವರು ಈ ಪಾಠವನ್ನು ಗಮನಿಸತಕ್ಕದ್ದು.

ಗುಣುಗುಟ್ಟುವವರ ಇನ್ನೊಂದು ಮಾತನ್ನೂ ಪರೀಕ್ಷಿಸೋಣ. ‘ಬಂಡಿಯಿಂದ ಇಳಿದು ನಡೆದಾಡುವುದನ್ನು ಕಣ್ಣಾರೆ ಕಂಡೆವು, ಇವರಿಗೇಕೆ ಮೀಸಲು ಸ್ಥಾನ?’ ಎಂದು ಕೆಲವರು ಕೇಳುವುದುಂಟು. ಹತ್ತು ಹೆಜ್ಜೆ ನಡೆಯಬಲ್ಲವರೆಲ್ಲರೂ ಹತ್ತು ಫರ್ಲಾಂಗು ನಡೆಯಬಲ್ಲರೆ? ಹೃದಯದ ದೌರ್ಬಲ್ಯವೂ ಶ್ವಾಸದ ಕಷ್ಟವೂ ಸಂಧಿವಾತವೂ ಹಣೆಯ ಮೇಲೆ ಬರೆದುಕೊಂಡು ಬರುವುದಿಲ್ಲ. ಸೋಮಾರಿತನದಿಂದ ಬಂಡಿಯನ್ನು ಬಾಡಿಗೆಗೆ ಹಿಡಿದವನೂ ಒಬ್ಬಿಬ್ಬನಿರಬಹುದು. ಅವನನ್ನು ಹಿಡಿಯುವುದಕ್ಕೋಸ್ಕರ ನಿಜವಾದ ರೋಗಿಗಳೆಲ್ಲರನ್ನೂ ಸಾಲಿನ ಮುಂದೆ ವಿಚಾರಣೆಗೆ ನಿಲ್ಲಿಸುವುದು ಎಲ್ಲಿಯ ನ್ಯಾಯ?

ಇಷ್ಟು ಹೇಳಿದ ಮೇಲೆ ಕುರ್ಚಿಯಲ್ಲಿ ಕುಳಿತವರ ವಿಷಯವಾಗಿಯೇ ಒಂದು ಮಾತು ಉಳಿದಿದೆ; ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ನಮ್ಮ ವೃದ್ಧರಲ್ಲಿ ಅನೇಕರು ಗಾಲಿಕುರ್ಚಿಯೆಂದರೆ ನಾಚುತ್ತಾರೆ. ‘ನನ್ನಿಂದ ನಿಮಗೆಲ್ಲ ಏಕೆ ತೊಂದರೆ? ನೀವು ಹೋಗಿ ಬನ್ನಿ, ನಾನು ಕೋಣೆಯಲ್ಲಿಯೇ ಇರುತ್ತೇನೆ’ ಎನ್ನುತ್ತಾರೆ. ಮಕ್ಕಳೂ ಒಮ್ಮೊಮ್ಮೆ, ಬಸ್ಸಿನ ಗಲಾಟೆಯನ್ನು ನೆನೆದು, ಆ ಮಾತನ್ನೇ ನಂಬಿದವರಂತೆ ಹೊರಟುಬಿಡುತ್ತಾರೆ. ಸಾವಿರಾರು ಮೈಲಿಗಳನ್ನು ದಾಟಿ ಮೊಮ್ಮಕ್ಕಳ ನಗುವನ್ನು ನೋಡುವುದಕ್ಕೆಂದು ಬಂದ ಅಜ್ಜಿಯು ಗೋಡೆಯನ್ನು ನೋಡುತ್ತ ದಿನವನ್ನು ಕಳೆಯುತ್ತಾಳೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಅಜ್ಜಿಯ ಕುರ್ಚಿಯನ್ನೇ ಸಾಲನ್ನು ತಪ್ಪಿಸುವ ರಹದಾರಿಯನ್ನಾಗಿ ಮಾಡಿಕೊಂಡು, ಅವಳಿಗೆ ಸಾಕಾದ ಮೇಲೆಯೂ ಎಳೆದುಕೊಂಡು ತಿರುಗುವುದು. ಮೊದಲನೆಯವರು ಅವಳನ್ನು ಹೊರೆಯೆಂದು ಬಗೆದರು. ಎರಡನೆಯವರು ಉಪಕರಣವೆಂದು ಬಗೆದರು. ಮನುಷ್ಯಳೆಂದು ಬಗೆದವರು ಮಾಡುವುದು ಒಂದೇ ಕೆಲಸ: ‘ಅಮ್ಮಾ, ಈಗ ಹೋಗೋಣವೆ? ಯಾರು ನಿಮ್ಮ ಜೊತೆಗೆ ಬರಲಿ?’ ಎಂದು ಅವಳನ್ನೇ ಕೇಳುತ್ತಾರೆ.

ಹೊರಡುವ ಗೃಹಸ್ಥರಿಗೆ ಉಪಯೋಗವಾಗಲೆಂದು ಕೆಲವು ಸೂಚನೆಗಳು:

ಒಂದನೆಯದು. ವನದ ಬಾಗಿಲಲ್ಲಿ ಬಾಡಿಗೆಗೆ ಪಡೆದ ಕುರ್ಚಿಯನ್ನು ಆ ವನದಲ್ಲಿಯೇ ಹಿಂದಿರುಗಿಸಬೇಕು. ಅದು ಬಸ್ಸಿನಲ್ಲಿ ಬರುವುದಿಲ್ಲ. ದಾರಿಯುದ್ದಕ್ಕೂ ಕುರ್ಚಿ ಬೇಕಾದವರು ಸ್ವಂತದ್ದನ್ನು ತರಬೇಕು, ಇಲ್ಲವೆ ಹೊರಗಿನವರಿಂದ ಬಾಡಿಗೆಗೆ ಪಡೆಯಬೇಕು.

ಎರಡನೆಯದು. ನಿಲ್ದಾಣವನ್ನು ಸೇರುವ ಮೊದಲೇ ಯಾರು ಕುರ್ಚಿಯ ಜೊತೆಗೆ, ಯಾರು ಹಿಂದಿನ ಬಸ್ಸಿಗೆ ಎಂಬುದನ್ನು ಗೊತ್ತುಮಾಡಿಕೊಳ್ಳಿರಿ. ಔಷಧಿಯ ಚೀಲವೂ ಕೋಣೆಯ ಬೀಗವನ್ನು ತೆರೆಯುವ ಸಾಧನವೂ ಕುರ್ಚಿಯವರ ಜೊತೆಗಿರಲಿ.

ಮೂರನೆಯದು. ಚಾಲಕನಿಗೆ ನಿಮ್ಮ ಮಂದಿಯ ಲೆಕ್ಕವನ್ನು ಸರಿಯಾಗಿ ಹೇಳಿರಿ. ಅವನು ಹಾಕಿದ ಮಿತಿಗೆ ಎದುರಾಡಬೇಡಿರಿ. ಸಾಲಿನ ಹಿಂದಿರುವ ತಾಯಂದಿರ ಪರವಾಗಿಯೂ ಅವನೊಬ್ಬನೇ ಮಾತನಾಡಬೇಕಾಗಿದೆ.

ನಾಲ್ಕನೆಯದು. ಮುಂಚಿತವಾಗಿ ಹತ್ತಿದ ಗಟ್ಟಿಗರು ಆಸನಗಳನ್ನು ಹಿಡಿದು ಕೂಡದೆ, ಕುರ್ಚಿಯ ಬಳಿಯಲ್ಲಿ ನಿಂತುಕೊಂಡು, ಹಿಂದಿನಿಂದ ಬರುವ ಮುದುಕರಿಗೂ ಕೂಸೆತ್ತಿದವರಿಗೂ ಎಡೆಗೊಡಲಿ. ಜೊತೆಯಲ್ಲಿರುವುದು ನಿಮ್ಮ ಹಕ್ಕು. ಕುಳಿತೇ ಇರಬೇಕೆಂಬುದು ಅದರಲ್ಲಿ ಸೇರಿದ್ದಲ್ಲ. ಸಾಲಿನ ಕೋಪದಲ್ಲಿ ಅರ್ಧವು ಇದೊಂದರಿಂದಲೇ ಇಳಿದೀತು.

ಐದನೆಯದು. ನೀವು ಸಾಲಿನಲ್ಲಿರುವವರಾದರೆ, ಕುರ್ಚಿಯನ್ನು ಬಿಗಿಯುವಷ್ಟು ಹೊತ್ತು ಮಕ್ಕಳಿಗೆ ಅದನ್ನು ತೋರಿಸಿ, ಏಕೆ ಹಾಗೆ ಮಾಡುತ್ತಾರೆಂಬುದನ್ನು ತಿಳಿಯಹೇಳಿರಿ. ಮಕ್ಕಳ ಮುಂದೆ ಗುಣುಗುಟ್ಟಬೇಡಿರಿ. ಆಯುಷ್ಯವು ದೀರ್ಘವಾದರೆ ಆ ಎಡೆಯು ನಮಗೂ ಬೇಕಾದೀತು. ಆಗ ಕುರ್ಚಿಯನ್ನು ತಳ್ಳಬೇಕಾದವರು, ಅದಕ್ಕೆ ದಾರಿಯನ್ನು ಬಿಡಬೇಕಾದವರು, ಈಗ ನಮ್ಮ ಕೈಹಿಡಿದು ನಿಂತಿರುವ ಈ ಮಕ್ಕಳೇ.